‘ಅಂತೆ’ ಎಂಬ ಎರಡಕ್ಷರ

“ಹುಡುಕುವುದು ಹೇಗೆ ಅಂತ ಹೇಳಿಕೊಟ್ಟಿರಿ ಟೀಚರ್. ಹುಡುಕಿ ಸಿಕ್ಕಿದ ಮೇಲೆ ದೊಡ್ಡಪ್ಪನ ಹತ್ತಿರ ಏನು ಹೇಳಬೇಕು ಅಂತ ಹೇಳಿಕೊಡಲಿಲ್ಲ.” ಕಳೆದ ಕಾಫಿ ಕೊಯ್ಲಿನ ಸಮಯದಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಆಡಿದ ಈ ಮಾತು, ಮಳೆಗಾಲ ಕಳೆದು ಗಿಡಗಳಲ್ಲಿ ಮತ್ತೆ ಕಾಯಿ ಬಲಿಯುತ್ತಿರುವ ಈ ಹೊತ್ತಿನವರೆಗೂ ನನ್ನನ್ನು ಬಿಟ್ಟು ಹೋಗಿಲ್ಲ. ದಕ್ಷಿಣ ಕೊಡಗಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿರುವ ನಾನು, ಶನಿವಾರ ಬೆಳಗಿನ ಶಾಲೆಯ ಕೊನೆಯ ಅವಧಿಯನ್ನು ಕೆಲವು ವರ್ಷಗಳಿಂದ ಮೊಬೈಲಿಗೆ ಬರುವ ಸುದ್ದಿಯನ್ನು ಪರೀಕ್ಷಿಸಿ ನೋಡುವ ಪಾಠಕ್ಕೆ ಮೀಸಲಿಟ್ಟಿದ್ದೇನೆ. ಆ ಪಾಠವನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಕಲಿತವಳು ಅವಳು. ಕಲಿತದ್ದನ್ನು ಮನೆಗೆ ಕೊಂಡುಹೋಗಿ ಮೊದಲು ಪೆಟ್ಟು ತಿಂದವಳೂ ಅವಳೇ.

ಅವರ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಒಂದು ವಿಡಿಯೊ ಬಂದಿತ್ತು. ಬೈಕಿನಲ್ಲಿ ಬಂದ ಇಬ್ಬರು ಓಣಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಕೆಳಗೆ ಕನ್ನಡದಲ್ಲಿ, ಇದು ಸಿದ್ದಾಪುರದ ಕಡೆಯ ತೋಟವೊಂದರ ಹತ್ತಿರ ನಡೆದದ್ದು, ಅಸ್ಸಾಮಿನವರೆಂದು ಹೇಳಿಕೊಂಡು ತೋಟದ ಕೆಲಸಗಾರರ ಲೈನ್‌ಮನೆಗಳಲ್ಲಿ ಇರುವವರೆಲ್ಲ ಇಂಥವರೇ, ಮಕ್ಕಳನ್ನು ಹೊರಗೆ ಬಿಡಬೇಡಿ ಎಂಬ ಎಚ್ಚರಿಕೆ. ಹುಡುಗಿ ವಿಡಿಯೊವನ್ನು ನಿಲ್ಲಿಸಿ, ಒಂದು ಚಿತ್ರವನ್ನು ಸೆರೆಹಿಡಿದು, ಅದನ್ನು ಗೂಗಲ್‌ನಲ್ಲಿ ಹುಡುಕಿದ್ದಾಳೆ. ಹತ್ತು ನಿಮಿಷದಲ್ಲಿ ಮೂಲ ಸಿಕ್ಕಿದೆ. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ರಕ್ಷಣೆಗಾಗಿ ದುಡಿಯುವ ಸಂಸ್ಥೆಯೊಂದು ಜಾಗೃತಿಗಾಗಿ ಮಾಡಿಸಿದ ಕಿರುಚಿತ್ರ. ಕೊನೆಯಲ್ಲಿ ಆ ಬೈಕಿನವರು ಮಗುವನ್ನು ಮರಳಿ ತಂದುಬಿಟ್ಟು, ಮಗುವೊಂದನ್ನು ಕದಿಯಲು ಒಂದು ಗಳಿಗೆ ಸಾಕು ಎಂದು ಬರೆದ ಫಲಕವನ್ನು ಎತ್ತಿ ತೋರಿಸುತ್ತಾರೆ. ಆ ಕೊನೆಯನ್ನು ಕತ್ತರಿಸಿದ ತುಂಡೇ 2018ರಲ್ಲಿ ಭಾರತದ ತುಂಬ ಹರಿದಾಡಿತು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಜನ ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಊರಿನ ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಅನುಮಾನಕ್ಕೊಳಗಾದ ಪ್ರವಾಸಿಗರ ಮೇಲೆ ಗುಂಪು ಮುಗಿಬಿದ್ದು, ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬ ಸತ್ತುಹೋದ.

ಇಷ್ಟನ್ನೂ ಹುಡುಗಿ ತನಗೆ ತಿಳಿದ ಹಾಗೆ ಬರೆದು ಗುಂಪಿಗೆ ಹಾಕಿದಳು. ದೊಡ್ಡಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತೇನೊ. “ಇದು ಸುಳ್ಳೇ ಇರಬಹುದು ಮಗಾ. ನಾಳೆ ನಮ್ಮಲ್ಲಿ ಹೀಗಾಗುವುದಿಲ್ಲ ಅಂತ ಯಾರು ಹೇಳಿದ್ದು? ಜಾಗ್ರತೆಯಲ್ಲಿದ್ದರೆ ನಷ್ಟ ಏನು?” ಎಂದು ಬರೆದರು. ಅದರ ಕೆಳಗೆ ಚಿಕ್ಕಮ್ಮಂದಿರು, ಅತ್ತೆಯಂದಿರು, ಬೆಂಗಳೂರಿನಲ್ಲಿರುವ ಅಣ್ಣಂದಿರು ಎಲ್ಲ ಸೇರಿ ಹೆಬ್ಬೆರಳಿನ ಗುರುತು ಒತ್ತಿದರು. ಹುಡುಗಿ ತನ್ನ ಬರಹವನ್ನು ತಾನೇ ಅಳಿಸಿಹಾಕಿ, ಮರುದಿನ ನನ್ನ ಬಳಿ ಬಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಸುಳ್ಳು ಬಯಲಾದರೆ ದ್ವೇಷ ತಾನಾಗಿ ಕುಸಿಯುತ್ತದೆ ಎಂದು ಅಲ್ಲಿಯವರೆಗೆ ನಂಬಿ ಪಾಠ ಮಾಡಿದ್ದೆ. ಸುಳ್ಳೆಂದು ಒಪ್ಪಿಕೊಂಡ ಮೇಲೂ ಒಂದು ಸಂದೇಶ ತನ್ನ ಕೆಲಸವನ್ನು ಮುಂದುವರಿಸಬಲ್ಲದು ಎಂಬುದನ್ನು ನನಗೆ ತೋರಿಸಿಕೊಟ್ಟದ್ದು ಆ ದೊಡ್ಡಪ್ಪನ ಪ್ರೀತಿಯ ಮಾತು.

ನನ್ನದೇ ಒಂದು ರಾತ್ರಿ

ಈ ಪಾಠವನ್ನು ನಾನು ಶುರುಮಾಡಿದ್ದಕ್ಕೆ ಎರಡು ಕಾರಣಗಳಿವೆ. ಒಂದು ಕಾರಣ ಕೇರಳದ ಗಡಿಯಲ್ಲಿರುವ ಮಾಕುಟ್ಟದ ಆಚೆಗಿನದು. ಗಡಿಯಾಚೆಯ ಕಣ್ಣೂರು ಜಿಲ್ಲೆಯಲ್ಲಿ 2018ರಲ್ಲಿ ಅಲ್ಲಿನ ಆಗಿನ ಜಿಲ್ಲಾಧಿಕಾರಿ ಮೀರ್ ಮೊಹಮ್ಮದ್ ಅಲಿ ಅವರ ಮುಂದಾಳತ್ವದಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿಯನ್ನು ಗುರುತಿಸುವ ಪಾಠ ನಡೆಯಿತು. ‘ಸತ್ಯಮೇವ ಜಯತೇ’ ಎಂಬುದು ಆ ಕಾರ್ಯಕ್ರಮದ ಹೆಸರು. ಅದಕ್ಕೂ ಹಿಂದಿನ ವರ್ಷ ದಡಾರ ಮತ್ತು ರುಬೆಲ್ಲಾ ಲಸಿಕೆಯ ಬಗ್ಗೆ ವಾಟ್ಸ್ಆ್ಯಪ್‌ನಲ್ಲಿ ಹಬ್ಬಿದ ವದಂತಿಯಿಂದಾಗಿ ಹೆತ್ತವರು ಮಕ್ಕಳಿಗೆ ಚುಚ್ಚುಮದ್ದು ಹಾಕಿಸಲು ಹಿಂಜರಿದಿದ್ದರು. ಅಲ್ಲಿನ ಅಧಿಕಾರಿಗಳಿಗೆ ಮಕ್ಕಳಿಗೇ ಕಲಿಸಬೇಕೆಂಬ ಯೋಚನೆ ಹುಟ್ಟಿದ್ದು ಹಾಗೆ. ಮನೆಯ ಹಿರಿಯರ ಕೈಗೆ ಮೊಬೈಲ್ ಬಂದದ್ದು ವಯಸ್ಸಾದ ಮೇಲೆ, ಅವರಿಗೆ ಹೇಳಿಕೊಡಬಲ್ಲವರು ಮಕ್ಕಳೇ ಎಂಬ ಆ ಯೋಚನೆ ನನಗೆ ತುಂಬ ಹಿಡಿಸಿತ್ತು.

ಎರಡನೆಯ ಕಾರಣವನ್ನು ನಾನು ತರಗತಿಯಲ್ಲಿ ಹೇಳಲು ಬಹಳ ಕಾಲ ಬೇಕಾಯಿತು. ಅದೇ 2018ರ ಆಗಸ್ಟ್ ತಿಂಗಳ ನಡುಭಾಗದಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಗುಡ್ಡಗಳು ಜಾರಿದ ದಿನಗಳನ್ನು ಕೊಡಗಿನವರಿಗೆ ಮತ್ತೆ ವಿವರಿಸಬೇಕಿಲ್ಲ. ಜುಲೈನಲ್ಲಿ ಭೂಮಿ ಸಣ್ಣಗೆ ನಡುಗಿದ್ದು ಎಲ್ಲರ ಮನಸ್ಸಿನಲ್ಲಿತ್ತು. ಕರೆಂಟ್ ಇಲ್ಲ, ನೆಟ್‌ವರ್ಕ್ ಒಮ್ಮೆ ಬಂದರೆ ಅರ್ಧ ದಿನ ಇಲ್ಲ. ಅಂಥ ಒಂದು ಸಂಜೆ ನೆಟ್‌ವರ್ಕ್ ಬಂದ ಕೂಡಲೇ ನನ್ನ ಮೊಬೈಲಿಗೆ ಸಾಲುಸಾಲಾಗಿ ಬಿದ್ದ ಸಂದೇಶಗಳಲ್ಲಿ ಒಂದು, ಆ ರಾತ್ರಿ ಎರಡು ಗಂಟೆಗೆ ದೊಡ್ಡ ಭೂಕಂಪವಾಗಲಿದೆ, ಯಾರೂ ಮನೆಯೊಳಗೆ ಮಲಗಬೇಡಿ ಎಂದಿತ್ತು. ಭೂಕಂಪ ಇಂಥ ದಿನ ಇಂಥ ಗಂಟೆಗೆ ಆಗುತ್ತದೆಂದು ಹೇಳಬಲ್ಲ ವಿದ್ಯೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಇದನ್ನು ನಾನೇ ಭೂಗೋಳದ ಪಾಠದಲ್ಲಿ ಹೇಳಿದ್ದೆ. ಆ ಸಂಜೆ ಅದು ನೆನಪಿಗೆ ಬರಲಿಲ್ಲ. ನೆಟ್‌ವರ್ಕ್ ಹೋಗುವ ಮೊದಲು ನನ್ನವರಿಗೆ ತಲುಪಲಿ ಎಂಬ ಒಂದೇ ಆತುರದಲ್ಲಿ ಮೂರು ಗುಂಪುಗಳಿಗೆ ಕಳುಹಿಸಿದೆ.

ನಮ್ಮ ಸಂಬಂಧಿಕರ ಮನೆಯೊಂದು ಗುಡ್ಡದಿಂದ ದೂರ, ಗಟ್ಟಿ ನೆಲದ ಮೇಲಿತ್ತು. ಅವರು ನನ್ನ ಸಂದೇಶವನ್ನು ನಂಬಿ, ಉಬ್ಬಸವಿದ್ದ ಅಜ್ಜಿಯನ್ನು ಕಂಬಳಿಯಲ್ಲಿ ಸುತ್ತಿ, ಆ ಮಳೆಯಲ್ಲಿ ಜೀಪಿನೊಳಗೆ ಕೂರಿಸಿಕೊಂಡು ಬೆಳಗಿನವರೆಗೆ ಅಂಗಳದಲ್ಲಿ ಕಾದರು. ಅಜ್ಜಿ ಹದಿನೈದು ದಿನ ಹಾಸಿಗೆ ಹಿಡಿದರು. ನಾನು ಹೋಗಿ ತಪ್ಪಾಯಿತೆಂದು ಹೇಳಿದಾಗ ಆ ಮನೆಯವರು ನನ್ನನ್ನೇ ಸಮಾಧಾನ ಮಾಡಿದರು: “ನಮ್ಮ ಒಳ್ಳೆಯದಕ್ಕೇ ಕಳಿಸಿದ್ದಲ್ವಾ, ಬಿಡು.”

ಹುಡುಗಿಯ ದೊಡ್ಡಪ್ಪನ ಮಾತನ್ನು ಕೇಳಿದಾಗ ನನಗೆ ನೆನಪಾದದ್ದು ಆ ಸಮಾಧಾನ. ನಾನು ಮತ್ತು ಆ ದೊಡ್ಡಪ್ಪ ಒಂದೇ ಕೆಲಸವನ್ನು ಒಂದೇ ಕಾರಣಕ್ಕೆ ಮಾಡಿದ್ದೆವು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಿದಾಡಿದ ಸುದ್ದಿಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1,500 ಜನರನ್ನು ಮುಟ್ಟಲು ನಿಜ ಸುದ್ದಿಗೆ ಸುಳ್ಳು ಸುದ್ದಿಗಿಂತ ಸುಮಾರು ಆರು ಪಟ್ಟು ಹೆಚ್ಚು ಸಮಯ ಹಿಡಿದಿತ್ತು. ಅದಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು ಅದೇ ಅಧ್ಯಯನದ ಇನ್ನೊಂದು ಮಾತು: ಯಂತ್ರಗಳು ನಡೆಸುವ ಖಾತೆಗಳನ್ನು ಲೆಕ್ಕದಿಂದ ತೆಗೆದುಹಾಕಿದರೂ ಈ ಅಂತರ ಹಾಗೆಯೇ ಉಳಿಯಿತು. ಸುಳ್ಳನ್ನು ಓಡಿಸುತ್ತಿದ್ದವರು ಮನುಷ್ಯರೇ. ಕುಟುಂಬದ ಗುಂಪುಗಳಲ್ಲಿ ಆ ಮನುಷ್ಯರು ನಮ್ಮನ್ನು ಎತ್ತಿ ಆಡಿಸಿದವರು, ನಮಗೆ ಜ್ವರ ಬಂದರೆ ರಾತ್ರಿ ಆಸ್ಪತ್ರೆಗೆ ಕೊಂಡೊಯ್ದವರು. ಸುಳ್ಳನ್ನು ಮಾಡಿದವನು ಎಲ್ಲೋ ಇರುತ್ತಾನೆ, ಅವನ ಉದ್ದೇಶವೇ ಬೇರೆ. ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಅದು ನಮ್ಮವರ ಕಾಳಜಿಯ ಬಟ್ಟೆ ತೊಟ್ಟಿರುತ್ತದೆ.

ಕಂಡದ್ದು, ಕೇಳಿದ್ದು

ತರಗತಿಯಲ್ಲಿ ನಾನು ಯಾವಾಗಲೂ ಹುಲಿಯಿಂದ ಶುರುಮಾಡುತ್ತೇನೆ. ಜಾತಿ, ಧರ್ಮ, ಪಕ್ಷದ ಸಂದೇಶವನ್ನು ಮೊದಲ ದಿನವೇ ಮುಂದಿಟ್ಟರೆ ಮಕ್ಕಳು ಸುಳ್ಳು ನಿಜ ನೋಡುವ ಮೊದಲೇ ತಂತಮ್ಮ ಮನೆಯ ಕಡೆ ನಿಂತುಬಿಡುತ್ತಾರೆ. ಹುಲಿಯ ವಿಷಯದಲ್ಲಿ ಎಲ್ಲರೂ ಒಂದೇ ಕಡೆ. 2021ರ ಆರಂಭದಲ್ಲಿ ಪೊನ್ನಂಪೇಟೆ, ಶ್ರೀಮಂಗಲದ ಕಡೆ ಹುಲಿ ಮನುಷ್ಯರನ್ನು ಕೊಂದ ದಿನಗಳಲ್ಲಿ ಬಂದ ಹಾಗೆಯೇ, ಈಗಲೂ ಪ್ರತಿವರ್ಷ ಒಂದಲ್ಲ ಒಂದು ಹುಲಿಯ ಚಿತ್ರ ‘ನಮ್ಮ ತೋಟದಲ್ಲಿ ನಿನ್ನೆ ರಾತ್ರಿ’ ಎಂದು ಬರುತ್ತದೆ. ಚಿತ್ರದ ಹಿಂದಿನ ಮರ ಯಾವುದು, ನೆರಳಿಗೆ ಸಿಲ್ವರ್ ಓಕ್ ಇದೆಯೋ, ಮೆಣಸಿನ ಬಳ್ಳಿ ಇದೆಯೋ, ಮಣ್ಣಿನ ಬಣ್ಣ ನಮ್ಮದೋ ಎಂದು ಮಕ್ಕಳು ಒಂದು ಗಂಟೆ ಚರ್ಚೆ ಮಾಡುತ್ತಾರೆ. ಆಮೇಲೆ ಅದೇ ಚಿತ್ರವನ್ನು ಅಂತರ್ಜಾಲದಲ್ಲಿ ಹುಡುಕಿ, ಅದು ಎಷ್ಟು ವರ್ಷಗಳ ಹಿಂದೆ ಎಲ್ಲಿ ಪ್ರಕಟವಾಗಿತ್ತೆಂದು ನೋಡುತ್ತೇವೆ. ಒಂದು ಪುಟವನ್ನೇ ದಿಟ್ಟಿಸುತ್ತ ಕೂರದೆ, ಅದನ್ನು ಬಿಟ್ಟು ಹೊರಗೆ ಹೋಗಿ ಬೇರೆಯವರು ಏನು ಹೇಳಿದ್ದಾರೆಂದು ನೋಡುವುದು ವೃತ್ತಿಪರ ಸತ್ಯಶೋಧಕರ ರೂಢಿ ಎಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಅವರ ಸಂಗಡಿಗರು ಕಂಡುಕೊಂಡರು. ಪಿಎಚ್.ಡಿ. ಪಡೆದ ಇತಿಹಾಸಕಾರರೂ ಅಚ್ಚುಕಟ್ಟಾದ ಪುಟವಿನ್ಯಾಸಕ್ಕೆ ಮರುಳಾಗಿ ಆ ಪರೀಕ್ಷೆಯಲ್ಲಿ ಎಡವಿದ್ದರೆಂಬುದನ್ನು ಕೇಳಿ ನಮ್ಮ ಮಕ್ಕಳಿಗೆ ಧೈರ್ಯ ಬಂತು.

ಆದರೆ ಹುಡುಕಲು ಸಾಧ್ಯವಿರುವುದು ಚಿತ್ರವನ್ನು ಮಾತ್ರ, ಅದೂ ಹಳೆಯ ಚಿತ್ರವನ್ನು. ಈಗ ಕಂಪ್ಯೂಟರೇ ಹೊಸದಾಗಿ ಬರೆದುಕೊಡುವ ಹುಲಿಗೆ ಹಳೆಯ ಊರಿಲ್ಲ. ಅದಕ್ಕಿಂತ ಕಷ್ಟದ್ದು, ನಮ್ಮ ಕಡೆ ಅತಿ ಹೆಚ್ಚು ಓಡಾಡುವ ಧ್ವನಿ ಸಂದೇಶ. ಅದರಲ್ಲಿ ಚಿತ್ರವಿಲ್ಲ, ದಿನಾಂಕವಿಲ್ಲ, ಹೆಸರಿಲ್ಲ. ನಮ್ಮದೇ ಧಾಟಿಯ ಒಂದು ಗಂಡು ದನಿ, ಏದುಸಿರು ಬಿಡುತ್ತ, “ಎಲ್ಲರೂ ಸ್ವಲ್ಪ ಹುಷಾರಾಗಿರಿ” ಎನ್ನುತ್ತದೆ. ಆ ದನಿಯನ್ನು ಎಲ್ಲೋ ಕೇಳಿದ ಹಾಗನ್ನಿಸುವುದರಿಂದ ನಾವು ನಂಬುತ್ತೇವೆ.

ಇಂಥ ಒಂದು ಧ್ವನಿ ಸಂದೇಶವನ್ನು ಏನು ಮಾಡಬೇಕೆಂದು ತಿಳಿಯದೆ, ಒಂದು ಶನಿವಾರ ಅದನ್ನು ಮಕ್ಕಳಿಂದ ಅಕ್ಷರಕ್ಕೆ ಇಳಿಸಿದೆ. ನಲವತ್ತು ಸೆಕೆಂಡಿನ ಮಾತು, ಹನ್ನೊಂದು ಕ್ರಿಯಾಪದಗಳು. ರಾತ್ರಿ ಬಂದಿದ್ದಾರೆ, ಬಾಗಿಲು ಬಡಿದಿದ್ದಾರೆ, ನಾಯಿಗೆ ವಿಷ ಹಾಕಿದ್ದಾರೆ, ಇಬ್ಬರು ಸಿಕ್ಕಿಬಿದ್ದಿದ್ದಾರೆ. ಮಾತನಾಡುವವನು ತಾನೇ ಕಂಡದ್ದು ಯಾವುದು ಎಂದು ಕೇಳಿದೆ. ಮಕ್ಕಳಿಗೆ ಮೊದಲು ಪ್ರಶ್ನೆ ಅರ್ಥವಾಗಲಿಲ್ಲ. ಹಾಗಾದರೆ ಅವನು ಕಾಣದೆ ಬೇರೆಯವರಿಂದ ಕೇಳಿದ್ದೆಂದು ತೋರುವ ಕಡೆಯಲ್ಲೆಲ್ಲ ‘ಅಂತೆ’ ಸೇರಿಸಿ ಮತ್ತೆ ಬರೆಯಿರಿ ಎಂದೆ. ಬಂದಿದ್ದಾರಂತೆ, ಬಡಿದಿದ್ದಾರಂತೆ, ವಿಷ ಹಾಕಿದ್ದಾರಂತೆ. ಬರೆಯುತ್ತ ಹೋದ ಹಾಗೆ ತರಗತಿಯಲ್ಲಿ ಗುಸುಗುಸು ಶುರುವಾಯಿತು, ಕೊನೆಗೆ ಜೋರು ನಗು. ಹನ್ನೊಂದರಲ್ಲಿ ಹತ್ತು ಕ್ರಿಯಾಪದಗಳಿಗೆ ‘ಅಂತೆ’ ಹತ್ತಿತ್ತು. ಹತ್ತದೆ ಉಳಿದದ್ದು “ನನಗೆ ಈಗ ಮೆಸೇಜ್ ಬಂತು” ಎಂಬ ಒಂದೇ ವಾಕ್ಯ. ಆ ಮನುಷ್ಯನಿಗೆ ಸ್ವತಃ ಗೊತ್ತಿದ್ದದ್ದು ಅಷ್ಟೇ.

ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವೆ ನಮ್ಮ ಹಿರಿಯರು ಭಾಷೆಯೊಳಗೇ ಒಂದು ಬೇಲಿ ಹಾಕಿದ್ದಾರೆ. ಅಂಗಳದಲ್ಲಿ ಕೂತು ಪಕ್ಕದೂರಿನ ಸುದ್ದಿ ಹೇಳುವ ಅಜ್ಜಿ ಒಂದು ಸಲವೂ ‘ಅಂತೆ’ಯನ್ನು ಬಿಡುವುದಿಲ್ಲ. ಫಾರ್ವರ್ಡ್ ಗುಂಡಿ ಒತ್ತಿದಾಗ ಮೊದಲು ಉದುರಿಹೋಗುವುದು ಆ ಎರಡಕ್ಷರ, ಏಕೆಂದರೆ ಅಲ್ಲಿ ನಾವು ಸುದ್ದಿಯನ್ನು ನಮ್ಮ ಬಾಯಲ್ಲಿ ಮತ್ತೆ ಹೇಳುವುದೇ ಇಲ್ಲ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಮಕ್ಕಳು ಪ್ರಬಂಧಕ್ಕೆ ಬಾಯಿಪಾಠ ಮಾಡಿದ್ದರು. ಮೊಬೈಲಿನಲ್ಲಿ ಕಂಡದ್ದು ಪ್ರತ್ಯಕ್ಷವೇ ಅಲ್ಲವೇ ಎಂಬ ಚರ್ಚೆಗೆ ಆ ದಿನ ಇನ್ನೊಂದು ಅವಧಿ ಬೇಕಾಯಿತು. ಮನೆಯಲ್ಲಿ ತಮಿಳು ಆಡುವ ಹುಡುಗಿ, ನಾವು ಕೊನೆಗೆ ‘ಆಮ್’ ಸೇರಿಸುತ್ತೇವೆ ಟೀಚರ್, ‘ವಂದಾನಾಮ್’ ಅಂದರೆ ಬಂದನಂತೆ ಎಂದಳು. ಮಲಯಾಳದ ಹುಡುಗ ತಮ್ಮಲ್ಲಿ ‘ಅತ್ರೇ’ ಇದೆ ಎಂದ. ಕೊಡಗಿನ ಒಂದು ತರಗತಿಯಲ್ಲಿ ಎಷ್ಟು ಭಾಷೆಗಳಿರುತ್ತವೆ ಎಂಬುದು ಇಲ್ಲಿನವರಿಗೆ ಗೊತ್ತೇ ಇದೆ. ಕರಿಹಲಗೆ ತುಂಬಿತು. ನನಗೆ ಬಹಳ ಸಂತೋಷವಾಗಿತ್ತು. ಆ ಸಂತೋಷದಲ್ಲಿ ಕೊನೆಯ ಬೆಂಚಿನವರೆಗೆ ನನ್ನ ಕಣ್ಣು ಹೋಗಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಕಿತ್ತು ಸುಡುವ ಗಿಡ

ಸುಳ್ಳನ್ನು ಪರೀಕ್ಷಿಸುವ ಉಪಾಯಗಳು ದ್ವೇಷದ ಮಾತಿನ ಮುಂದೆ ಸೋಲುವುದು ಏಕೆಂದರೆ, ದ್ವೇಷದ ಮಾತಿಗೆ ಸುಳ್ಳಿನ ಅಗತ್ಯವೇ ಇಲ್ಲದಿರಬಹುದು. ಎಲ್ಲೋ ಒಬ್ಬ ಕೆಲಸಗಾರ ನಿಜವಾಗಿಯೂ ಕಳ್ಳತನ ಮಾಡಿರುತ್ತಾನೆ, ಅದು ಪತ್ರಿಕೆಯಲ್ಲಿ ಬಂದಿರುತ್ತದೆ, ಪೊಲೀಸರು ಹಿಡಿದಿರುತ್ತಾರೆ. ಆ ನಿಜದ ಪಕ್ಕದಲ್ಲಿ ‘ಇವರೆಲ್ಲ’ ಎಂಬ ಒಂದು ಪದ ಬಂದು ಕೂತರೆ ಸಾಕು. ಆ ಪದವನ್ನು ಯಾವ ಗೂಗಲ್ಲೂ ಹುಡುಕಿಕೊಡಲಾರದು.

ಹುಡುಗಿಯ ಪ್ರಶ್ನೆಯ ನಂತರದ ವಾರಗಳಲ್ಲಿ ನಾನು ಪಾಠವನ್ನು ಮಾತಿನ ಕಡೆಗೆ ತಿರುಗಿಸಿದೆ. ರುವಾಂಡಾ ದೇಶದಲ್ಲಿ 1994ರ ನರಮೇಧಕ್ಕೆ ಮೊದಲು ಮತ್ತು ಆ ದಿನಗಳಲ್ಲಿ ಆರ್‌ಟಿಎಲ್‌ಎಂ ಎಂಬ ರೇಡಿಯೊ ಕೇಂದ್ರ ಟುಟ್ಸಿ ಜನರನ್ನು ಜಿರಳೆಗಳೆಂದು ಕರೆಯುತ್ತಿತ್ತು; ಅದನ್ನು ಕಟ್ಟಿದವರಲ್ಲಿ ಇಬ್ಬರನ್ನು ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ತಪ್ಪಿತಸ್ಥರೆಂದು ಘೋಷಿಸಿತು. ಇದನ್ನು ಹೇಳಿದಾಗ ಮಕ್ಕಳು ಆಫ್ರಿಕದ ದೂರದ ಕಥೆಯೆಂಬಂತೆ ಸುಮ್ಮನೆ ಕೇಳಿದರು. ನಮ್ಮ ಕಡೆಯ ಸಂದೇಶಗಳಲ್ಲಿ ಮನುಷ್ಯರಿಗೆ ಯಾವ ಹೆಸರು ಬರುತ್ತದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹುಡುಗ, ತಮ್ಮ ತಂದೆಯ ಮೊಬೈಲಿಗೆ ಬಂದ ಒಂದು ಬರಹದಲ್ಲಿ ಹೊರಗಿನಿಂದ ಬಂದ ಕೆಲಸಗಾರರನ್ನು ‘ಕೊಡಗಿಗೆ ಬಿದ್ದ ಬೋರರ್’ ಎಂದು ಕರೆದಿತ್ತು ಎಂದ.

ಕಾಫಿ ಬೆಳೆಯದ ಊರಿನವರಿಗೆ ಒಂದು ಮಾತು ಹೇಳಬೇಕು. ಬೋರರ್ ಎಂದರೆ ಅರೇಬಿಕಾ ಗಿಡದ ಕಾಂಡವನ್ನು ಒಳಗೊಳಗೇ ಕೊರೆಯುವ ಹುಳು. ಹೊರಗಿನಿಂದ ಗಿಡ ಹಸಿರಾಗಿ ಕಾಣುತ್ತಿರುತ್ತದೆ, ತೊಗಟೆಯ ಮೇಲೆ ಉಬ್ಬಿದ ಗೆರೆಗಳು ಬಿದ್ದ ಮೇಲೆ ಗೊತ್ತಾಗುತ್ತದೆ. ನಾನು ಆ ಹುಡುಗನಿಗೆ, ಬೋರರ್ ಬಂದ ಗಿಡವನ್ನು ನಿಮ್ಮ ತೋಟದಲ್ಲಿ ಏನು ಮಾಡುತ್ತಾರೆ ಎಂದು ಕೇಳಿದೆ. “ಕಿತ್ತು ಸುಡುತ್ತಾರೆ ಟೀಚರ್, ಇಲ್ಲದಿದ್ದರೆ ಪಕ್ಕದ ಗಿಡಕ್ಕೆ ಹರಡುತ್ತದೆ” ಎಂದವನು, ಹೇಳಿ ಮುಗಿಸುವ ಮೊದಲೇ ನಿಲ್ಲಿಸಿದ. ಅವನ ಮುಖ ಬಿಳಿಚಿಕೊಂಡದ್ದನ್ನು ಇಡೀ ತರಗತಿ ನೋಡಿತು. ಆ ಬರಹದಲ್ಲಿ ಯಾರಿಗೂ ಏನೂ ಮಾಡಿ ಎಂದು ಹೇಳಿರಲಿಲ್ಲ. ಮನುಷ್ಯನಿಗೆ ಹುಳುವಿನ ಹೆಸರಿಟ್ಟ ಮೇಲೆ ಉಳಿದದ್ದನ್ನು ಹೇಳುವ ಅಗತ್ಯವಿರುವುದಿಲ್ಲ. ತೋಟದ ಮಕ್ಕಳಿಗೆ ಮದ್ದು ಗೊತ್ತೇ ಇರುತ್ತದೆ. ಇಪ್ಪತ್ತು ವರ್ಷಗಳ ಅಧ್ಯಾಪನದಲ್ಲಿ ಒಂದು ರೂಪಕದ ಶಕ್ತಿಯನ್ನು ಮಕ್ಕಳು ಹೀಗೆ ಮೈಯಲ್ಲಿ ಅರಿತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಯಾವ ಮಾತು ಕೇವಲ ಕೆಟ್ಟದ್ದು, ಯಾವುದು ಹಿಂಸೆಗೆ ಪ್ರಚೋದಿಸುವಂಥದ್ದು ಎಂದು ಅಳೆಯಲು ವಿಶ್ವಸಂಸ್ಥೆಯ ಆಶ್ರಯದಲ್ಲಿ 2012ರಲ್ಲಿ ಮೊರಾಕೊದ ರಬಾತ್ ನಗರದಲ್ಲಿ ಸೇರಿದ ತಜ್ಞರು ಆರು ಅಂಶಗಳನ್ನು ಗೊತ್ತುಮಾಡಿದರು: ಸಂದರ್ಭ, ಆಡಿದವರು ಯಾರು, ಉದ್ದೇಶ, ಮಾತಿನ ಹುರುಳು ಮತ್ತು ರೂಪ, ಎಷ್ಟು ದೂರ ಹಬ್ಬಿದೆ, ಕೇಡಾಗುವ ಸಂಭವ ಎಷ್ಟು. ಮಕ್ಕಳಿಗೆ ಇವುಗಳಲ್ಲಿ ಎರಡನೆಯದು ಬಹಳ ಬೇಗ ಹಿಡಿಯಿತು. ಒಂದೇ ಮಾತನ್ನು ಬಸ್ ನಿಲ್ದಾಣದಲ್ಲಿ ಕಾಲೇಜು ಹುಡುಗನೊಬ್ಬ ಆಡುವುದಕ್ಕೂ, ಹತ್ತು ಕುಟುಂಬಗಳಿಗೆ ಕೆಲಸ ಮತ್ತು ಸೂರು ಕೊಟ್ಟಿರುವ ತೋಟದ ಮಾಲೀಕರು ಆಡುವುದಕ್ಕೂ ತೂಕ ಬೇರೆ. ಹುಡುಗಿ ಆಗ ತಲೆ ತಗ್ಗಿಸಿದಳು. ಅವಳ ದೊಡ್ಡಪ್ಪನ ತೋಟದಲ್ಲಿಯೂ ಲೈನ್‌ಮನೆಗಳಿವೆ.

ಸಹೋದ್ಯೋಗಿಯೊಬ್ಬರು, ಇಷ್ಟೆಲ್ಲ ಯಾಕೆ, ಕಾನೂನಿದೆಯಲ್ಲ, ದೂರು ಕೊಟ್ಟರಾಯಿತು ಎಂದರು. ಕಾನೂನು ಇದೆ, ಇರಲೇಬೇಕು. ಗುಂಪುಗಳ ನಡುವೆ ದ್ವೇಷ ಬಿತ್ತುವುದು ಹಿಂದಿನ ದಂಡಸಂಹಿತೆಯ 153ಎ ಕಲಮಿನಲ್ಲಿಯೂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮಿನಲ್ಲಿಯೂ ಶಿಕ್ಷಾರ್ಹ ಅಪರಾಧ. ಆದರೆ ಹದಿನಾಲ್ಕು ವರ್ಷದ ಹುಡುಗಿ ತನ್ನ ದೊಡ್ಡಪ್ಪನ ಮೇಲೆ ಠಾಣೆಗೆ ಹೋಗುವುದಿಲ್ಲ, ಹೋಗಲೆಂದು ನಾನೂ ಬಯಸುವುದಿಲ್ಲ. ಸಂವಿಧಾನದ 51ಎ ವಿಧಿಯಲ್ಲಿ, ಭೇದಗಳನ್ನು ಮೀರಿ ಎಲ್ಲ ಜನರಲ್ಲಿ ಸಾಮರಸ್ಯವನ್ನೂ ಸಹೋದರತ್ವವನ್ನೂ ಬೆಳೆಸುವುದು ಪ್ರತಿ ನಾಗರಿಕನ ಕರ್ತವ್ಯ ಎಂದಿದೆ. ನಾವು ಅದನ್ನು ಎರಡು ಅಂಕದ ಪ್ರಶ್ನೆಗಾಗಿ ಕಲಿಸುತ್ತೇವೆ. ಕುಟುಂಬದ ಗುಂಪಿನಲ್ಲಿ ಹಿರಿಯರ ಮುಂದೆ ಆ ಕರ್ತವ್ಯವನ್ನು ಯಾವ ಪದಗಳಲ್ಲಿ ಮಾಡಬೇಕೆಂದು ಯಾವ ಪಠ್ಯಪುಸ್ತಕದಲ್ಲಿಯೂ ನಾನು ನೋಡಿಲ್ಲ.

ಕೊನೆಯ ಬೆಂಚು

ಹುಡುಗಿ ತಂದ ವಿಡಿಯೊವನ್ನು ನಾನು ಮರುವಾರ ತರಗತಿಯಲ್ಲಿ ತೋರಿಸಿದ್ದೆ. ಅದರ ಕೆಳಗಿನ ಬರಹವನ್ನು ಜೋರಾಗಿ ಓದಿಸಿ, ಎಲ್ಲೆಲ್ಲಿ ಮೋಸವಿದೆಯೆಂದು ಒಂದೊಂದಾಗಿ ಬಿಡಿಸಿ ಹೇಳಿದ್ದೆ. ಒಳ್ಳೆಯ ಪಾಠವಾಯಿತೆಂದುಕೊಂಡಿದ್ದೆ. ಆ ತರಗತಿಯ ಕೊನೆಯ ಬೆಂಚಿನಲ್ಲಿ, ಆರನೇ ತರಗತಿಯಿಂದ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದ, ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದ ದಂಪತಿಯ ಮಗ ಕೂತಿದ್ದ. ಅವನು ಮುಂದಿನ ಮೂರು ದಿನ ಶಾಲೆಗೆ ಬರಲಿಲ್ಲ.

ನಾಲ್ಕನೆಯ ದಿನ ಬಂದಾಗ ಹೊರಗೆ ಕರೆದು ಮಾತನಾಡಿಸಿದೆ. ತುಂಬ ಹೊತ್ತು ಕಂಬವನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದ. ಆ ಸಂದೇಶ ಅವರ ಲೈನಿಗೂ ಬಂದಿತ್ತಂತೆ, ನಾನು ತೋರಿಸುವುದಕ್ಕಿಂತ ಎಷ್ಟೋ ದಿನ ಮೊದಲೇ. “ಅಮ್ಮನಿಗೆ ಕನ್ನಡ ಓದಲಿಕ್ಕೆ ಬರುವುದಿಲ್ಲ ಟೀಚರ್. ನಮ್ಮ ಬಗ್ಗೆ ಏನು ಬರೆದಿದ್ದಾರೆ ಓದು ಅಂತ ನನ್ನ ಕೈಗೆ ಕೊಟ್ಟರು. ಒಂದು ಲೈನ್ ಬಿಟ್ಟು ಓದಿದೆ.” ಯಾವ ಸಾಲನ್ನು ಬಿಟ್ಟೆ ಎಂದು ನಾನು ಕೇಳಲಿಲ್ಲ. ನಾನು ಕಲಿಸಿದ ಕನ್ನಡದ ಅಕ್ಷರಗಳು ಆ ಮಗುವಿಗೆ ಮಾಡಿಸಿದ ಕೆಲಸ ಅದು.

ಈ ಭಯ ಹೊಸದಲ್ಲ. 2012ರ ಆಗಸ್ಟ್ ನಡುವಿನಲ್ಲಿ, ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗಲಿದೆ ಎಂಬ ಎಸ್‌ಎಂಎಸ್ ವದಂತಿಗೆ ಬೆಚ್ಚಿ, ಬೆಂಗಳೂರಿನಿಂದ ಸಾವಿರಾರು ಜನ ಸಿಕ್ಕ ರೈಲು ಹತ್ತಿ ಗುವಾಹಟಿಯ ಕಡೆ ಹೋದರು. ಕೇಂದ್ರ ಸರ್ಕಾರ ಆಗ ಒಬ್ಬರು ಒಮ್ಮೆಗೆ ಐದಕ್ಕಿಂತ ಹೆಚ್ಚು ಜನರಿಗೆ ಎಸ್‌ಎಂಎಸ್ ಕಳುಹಿಸದಂತೆ ಕೆಲವು ದಿನ ಕಟ್ಟುಹಾಕಿತು. ಆರು ವರ್ಷಗಳ ನಂತರ, 2018ರ ಕೊಲೆಗಳ ಬೆನ್ನಿಗೆ, ವಾಟ್ಸ್ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸಬಹುದೆಂಬ ಮಿತಿ ತಂದಿತು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ದಾಟಿ ಬಂದ ಸಂದೇಶಕ್ಕೆ ಆ ಮಿತಿಯನ್ನು ಒಂದಕ್ಕೆ ಇಳಿಸಿತು. ಇವೆಲ್ಲ ಅಗತ್ಯವಾದ ತಡೆಗಳೇ. ಆದರೆ ಲೈನ್‌ಮನೆಯ ಒಂದು ಕೋಣೆಗೆ ಆ ಸಂದೇಶ ಮುಟ್ಟಲು ಒಬ್ಬರು ಕಳುಹಿಸಿದರೆ ಸಾಕಾಗಿತ್ತು.

ಆ ದಿನದಿಂದ ದ್ವೇಷದ ಸಂದೇಶವನ್ನು ಇದ್ದ ಹಾಗೆಯೇ ತರಗತಿಯಲ್ಲಿ ಓದಿಸುವುದನ್ನು ನಿಲ್ಲಿಸಿದ್ದೇನೆ. ಸುಳ್ಳನ್ನು ತಿದ್ದುವ ಬಗೆಯನ್ನು ಅಭ್ಯಾಸ ಮಾಡಿದವರು ಹೇಳುವ ಕ್ರಮವೂ ಅದೇ: ಮೊದಲು ನಿಜವನ್ನು ಹೇಳಬೇಕು, ಸುಳ್ಳನ್ನು ಎಚ್ಚರಿಸಿ ಒಂದೇ ಸಲ ಮುಟ್ಟಬೇಕು, ಅದು ಯಾಕೆ ಮೋಸವೆಂದು ತೋರಿಸಬೇಕು, ಮತ್ತೆ ನಿಜಕ್ಕೆ ಮರಳಬೇಕು. ನಾನು ಮಾಡಿದ್ದು ತಿರುವುಮುರುವು. ಆ ಬರಹ ಯಾರನ್ನು ಕುರಿತದ್ದೋ ಅವರು ತರಗತಿಯಲ್ಲೇ ಕೂತಿರಬಹುದು ಎಂಬುದನ್ನು ಯಾವ ತರಬೇತಿಯೂ ನನಗೆ ಹೇಳಿರಲಿಲ್ಲ, ನನಗೂ ಹೊಳೆಯಲಿಲ್ಲ.

ದೊಡ್ಡಪ್ಪನ ಹತ್ತಿರ

ಕೊನೆಗೆ ಹುಡುಗಿಯ ಪ್ರಶ್ನೆಗೆ ನಾವು ತರಗತಿಯಲ್ಲಿ ಒಟ್ಟಾಗಿ ಉತ್ತರ ಹುಡುಕಿದೆವು. ಒಬ್ಬರು ದೊಡ್ಡಪ್ಪನಾಗುವುದು, ಇನ್ನೊಬ್ಬರು ಮಾತನಾಡುವುದು. ಮೊದಲ ವಾರ ಎಲ್ಲರೂ ವಾದ ಮಾಡಿ ಸೋತರು. ದೊಡ್ಡಪ್ಪನಾದವನಿಗೆ ವಾದದಲ್ಲಿ ಗೆಲ್ಲುವುದು ಎಷ್ಟು ಸುಲಭವೆಂದು ತಿಳಿದು ಮಕ್ಕಳಿಗೆ ಆಶ್ಚರ್ಯವಾಯಿತು. ಹಿರಿಯನೆಂಬ ಸ್ಥಾನವೇ ಅವನ ಪರವಾಗಿ ಅರ್ಧ ವಾದ ಮಾಡುತ್ತದೆ. ಎರಡನೆಯ ವಾರ ಯಾರೋ, ಗುಂಪಿನಲ್ಲಿ ಎಲ್ಲರ ಮುಂದೆ ಹೇಳಿದರೆ ದೊಡ್ಡಪ್ಪನಿಗೆ ಮುಖಭಂಗವಾಗುತ್ತದೆ, ಒಬ್ಬರೇ ಇರುವಾಗ ಹೇಳಬೇಕು ಎಂದರು. ಅದು ಸರಿಯೆಂದು ನನಗೂ ಅನ್ನಿಸಿತು, ಆದರೆ ಹುಡುಗಿ ಒಪ್ಪಲಿಲ್ಲ: “ಗುಂಪಿನಲ್ಲಿ ನಲವತ್ತು ಜನ ಓದಿದ್ದಾರೆ. ಒಳಗೆ ಹೋಗಿ ಹೇಳಿದರೆ ಅವರಿಗೆ ಹೇಗೆ ಗೊತ್ತಾಗುತ್ತದೆ?” ಕೊನೆಗೆ ಎರಡೂ ಬೇಕೆಂದಾಯಿತು. ಗುಂಪಿನಲ್ಲಿ ನಿಜವನ್ನು ಎರಡೇ ಸಾಲಿನಲ್ಲಿ, ಯಾರ ಹೆಸರನ್ನೂ ಎತ್ತದೆ ಬರೆಯುವುದು, ಯಾರು ಏನೇ ಅಂದರೂ ಅಳಿಸದಿರುವುದು. ದೊಡ್ಡಪ್ಪನ ಬಳಿ ಮನೆಗೆ ಹೋಗಿ, ಎದುರಿಗೆ ಕೂತು ಮಾತನಾಡುವುದು, ಮತ್ತು ಅಲ್ಲಿ ಏನನ್ನೂ ಸಾಧಿಸಲು ಹೋಗದೆ ಒಂದು ಪ್ರಶ್ನೆ ಕೇಳುವುದು.

ಅವಳು ಕಾಫಿ ಒಣಗಿಸುವ ಕಣದಲ್ಲಿ ದೊಡ್ಡಪ್ಪನನ್ನು ಕಂಡಳು. “ದೊಡ್ಡಪ್ಪಾ, ನಮ್ಮ ಲೈನಿನಲ್ಲಿ ಇರುವವರಲ್ಲಿ ನಿಮಗೆ ಯಾರ ಮೇಲೆ ಹಾಗೆ ಅನುಮಾನ?” ಎಂದು ಕೇಳಿದಳಂತೆ. ಅವರು ಕಾಫಿ ಹರಡುವ ಹಲುಬೆಯನ್ನು ನಿಲ್ಲಿಸಿ, “ಛೆ, ನಮ್ಮವರು ಹಾಗಲ್ಲ” ಎಂದರಂತೆ. ಹಾಗಾದರೆ ಯಾರು ಎಂದು ಇವಳು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ವಿಡಿಯೊ ಗುಂಪಿನಲ್ಲಿ ಹಾಗೆಯೇ ಇದೆ. ಅದರ ಕೆಳಗೆ ಅವಳು ಎರಡನೇ ಸಲ ಬರೆದ ಎರಡು ಸಾಲುಗಳೂ ಇವೆ. ಬೆಂಗಳೂರಿನ ಅಣ್ಣನೊಬ್ಬ ತಾನು ಒತ್ತಿದ್ದ ಹೆಬ್ಬೆರಳನ್ನು ತೆಗೆದಿದ್ದಾನೆ ಎಂದು ಅವಳು ನನಗೆ ತೋರಿಸಿದಳು.

ಕೊಯ್ಲು ಮುಗಿದು, ಪರೀಕ್ಷೆಯೂ ಮುಗಿದ ಮೇಲೆ ಕೊನೆಯ ಬೆಂಚಿನ ಹುಡುಗ ತಾಯಿಯೊಂದಿಗೆ ಟಿ.ಸಿ. ಕೇಳಲು ಬಂದ. ಚಿಕ್ಕಮಗಳೂರಿನ ಕಡೆಯ ತೋಟಕ್ಕೆ ಹೋಗುತ್ತಿದ್ದಾರೆ ಎಂದ. ಕೂಲಿ ಹೆಚ್ಚೇ ಎಂದು ಕೇಳಿದೆ. ಅವನು ತಾಯಿಯ ಮುಖ ನೋಡಿದ, ತಾಯಿ ನೆಲ ನೋಡಿದರು. ಶಾಲೆ ಬಿಡಲು ಕಾರಣ ಎಂಬ ಕಡೆಯಲ್ಲಿ ‘ಪೋಷಕರ ಕೋರಿಕೆಯ ಮೇರೆಗೆ’ ಎಂದು ಬರೆದು ಕೊಟ್ಟದ್ದಾಯಿತು. ಗೇಟಿನವರೆಗೆ ಹೋದ ಹುಡುಗ ತಿರುಗಿ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ. ಏನಾದರೂ ಮರೆತೆಯಾ ಎಂದು ಕೇಳಿದೆ.

“ಆವತ್ತು ‘ಅಂತೆ’ಗೆ ಎಲ್ಲರ ಮನೆ ಭಾಷೆಯಲ್ಲಿ ಏನು ಹೇಳುತ್ತಾರೆ ಅಂತ ಬೋರ್ಡಿನಲ್ಲಿ ಬರೆದಿರಲ್ಲ ಟೀಚರ್. ನಮ್ಮಲ್ಲಿ ‘ಹೆನೊ’ ಅಂತಾರೆ.”